ಬೆಲ್ಸನ್‌ನ ಸಿಹಿ ಗಂಜಿ: ಒಂದು ಪರಿಹಾರ ಶಿಬಿರದ ಪ್ರಕರಣ ಅಧ್ಯಯನ

ಹಾಲಿನ ಪುಡಿ, ಹಿಟ್ಟು, ಸಕ್ಕರೆ, ಒಂದು ಚಿಟಿಕೆ ಉಪ್ಪು, ನೀರು. 1943ರ ಬಂಗಾಳದ ಕ್ಷಾಮದಲ್ಲಿ ಹಸಿದು ಬಿದ್ದವರಿಗೆ ಕುಡಿಸಿದ ಗಂಜಿ ಇದು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಗಂಜಿ ಉತ್ತರ ಜರ್ಮನಿಯ ಬರ್ಗನ್-ಬೆಲ್ಸನ್ ಎಂಬ ನಾಜಿ ಸೆರೆಶಿಬಿರದ ಹಂಡೆಗಳಲ್ಲಿ ಬೇಯುತ್ತಿತ್ತು. ಬ್ರಿಟಿಷ್ ಸೇನೆಯ ವೈದ್ಯರು ಅದನ್ನು ‘ಬೆಂಗಾಲ್ ಫ್ಯಾಮಿನ್ ಮಿಕ್ಸ್‌ಚರ್’ ಎಂದೇ ಕರೆಯುತ್ತಿದ್ದರು. ಕೈಕಾಲು ಕಡ್ಡಿಯಾಗಿದ್ದ, ತಲೆ ಎತ್ತಲೂ ಶಕ್ತಿ ಇಲ್ಲದ ಜನರ ಬಾಯಿಗೆ ಅದನ್ನು ಹಿಡಿದರು. ಎಷ್ಟೋ ಜನ ಒಂದು ಗುಟುಕು ಕುಡಿದು ಬೇಡ ಎಂದರು. ಅವರಿಗೆ ಅದು ತೀರಾ ಸಿಹಿ.

ಬಂಗಾಳದ ಆ ಕ್ಷಾಮದಲ್ಲಿ ಸತ್ತವರು 20ರಿಂದ 30 ಲಕ್ಷ ಎಂದು ಅಂದಾಜು. ಬ್ರಿಟಿಷರ ಆಳ್ವಿಕೆಯಲ್ಲೇ ಸತ್ತ ಜನ ಅವರು. ಅವರ ಹಸಿವಿನಿಂದ ಕಲಿತ ಪಾಠ ಯುರೋಪಿನಲ್ಲಿ ಜೀವ ಉಳಿಸಲು ಹೊರಟಿತ್ತು. ಇದನ್ನು ಮೊದಲ ಸಲ ಓದಿದ ದಿನ ಮುಂದಿನ ಪುಟಕ್ಕೆ ಹೋಗಲು ನನ್ನಿಂದ ಆಗಲಿಲ್ಲ.

ಎರಡನೇ ಮಹಾಯುದ್ಧದ ನಂತರ ಯಹೂದಿ ನಿರಾಶ್ರಿತರಿಗಾಗಿ ಯುರೋಪಿನ ಉದ್ದಗಲಕ್ಕೂ ಪರಿಹಾರ ಕೆಲಸ ನಡೆಯಿತು. ಅದರಲ್ಲಿ ಬೆಲ್ಸನ್ ಒಂದನ್ನೇ ಇಲ್ಲಿ ಹತ್ತಿರದಿಂದ ನೋಡೋಣ. ಕಾಲ 1945ರ ಏಪ್ರಿಲ್‌ನಿಂದ 1950ರವರೆಗೆ. ನೆರವು ಕೊಡುವವರು ಬದುಕಿ ಉಳಿದವರ ಮಾತು ಕೇಳಿದಾಗ ಏನಾಯಿತು, ಕೇಳದೆ ಇದ್ದಾಗ ಏನಾಯಿತು ಎಂಬುದು ಈ ಒಂದೇ ಜಾಗದಲ್ಲಿ ಎದ್ದು ಕಾಣುತ್ತದೆ.

ಬಾಗಿಲು ತೆರೆದ ದಿನ

ಬೆಲ್ಸನ್ ಇರುವುದು ಸೆಲ್ಲೆ ಎಂಬ ಊರಿನ ಹತ್ತಿರ. ಮೊದಲು ಅದು ಯುದ್ಧ ಕೈದಿಗಳ ಶಿಬಿರ. 1943ರಲ್ಲಿ ಅದರ ಒಂದು ಭಾಗಕ್ಕೆ ಯಹೂದಿಗಳನ್ನು ತಂದರು. ಹೊರದೇಶಗಳಲ್ಲಿ ಸಿಕ್ಕಿಬಿದ್ದ ಜರ್ಮನ್ನರಿಗೆ ಬದಲಾಗಿ ಇವರನ್ನು ಕೊಡಬಹುದು ಎಂಬ ಲೆಕ್ಕ ಅದು. 1944ರ ಕೊನೆಗೆ ಸೋವಿಯತ್ ಸೇನೆ ಪೂರ್ವದಿಂದ ನುಗ್ಗಿ ಬಂದಾಗ ಪೋಲೆಂಡಿನಲ್ಲಿದ್ದ ನಾಜಿಗಳ ಕೊಲೆಶಿಬಿರ ಆಶ್‌ವಿಟ್ಸ್ ಮತ್ತು ಬೇರೆ ಶಿಬಿರಗಳ ಕೈದಿಗಳನ್ನೆಲ್ಲ ಇಲ್ಲಿಗೆ ಅಟ್ಟಿದರು. ಬೆಲ್ಸನ್‌ನಲ್ಲಿ ವಿಷಾನಿಲದ ಕೋಣೆ ಇರಲಿಲ್ಲ. ಹಸಿವು ಮತ್ತು ಟೈಫಸ್ ಆ ಕೆಲಸ ಮಾಡಿದವು. ಟೈಫಸ್ ಅಂದರೆ ನಮಗೆ ಗೊತ್ತಿರುವ ಟೈಫಾಯ್ಡ್ ಅಲ್ಲ, ಹೇನಿನಿಂದ ಹರಡುವ ಬೇರೆಯದೇ ಜ್ವರ. 1945ರ ಜನವರಿಯಿಂದ ಏಪ್ರಿಲ್ ಮಧ್ಯದೊಳಗೆ ಇಲ್ಲಿ ಸುಮಾರು 35 ಸಾವಿರ ಜನ ಸತ್ತರು. ಆನ್ ಫ್ರಾಂಕ್ ಮತ್ತು ಅವಳ ಅಕ್ಕ ಮಾರ್ಗೊ ಸತ್ತಿದ್ದೂ ಇಲ್ಲೇ, ಆ ತಿಂಗಳುಗಳಲ್ಲೇ.

ಏಪ್ರಿಲ್ 12ರಂದು ಜರ್ಮನ್ ಅಧಿಕಾರಿಗಳೇ ಬ್ರಿಟಿಷರ ಬಳಿ ಬಂದರು. ಶಿಬಿರದಲ್ಲಿ ಟೈಫಸ್ ಇದೆ, ಆ ಸುತ್ತಮುತ್ತ ಕಾಳಗ ಬೇಡ ಎಂದರು. ಒಪ್ಪಂದವಾಯಿತು. 15ರಂದು ಬ್ರಿಟಿಷ್ ಪಡೆ ಒಳಗೆ ಬಂತು. ಮೊದಲು ಒಳಗೆ ಹೋದದ್ದು ಧ್ವನಿವರ್ಧಕ ಕಟ್ಟಿದ ಒಂದು ವಾಹನ. ಅದರಲ್ಲಿದ್ದ ಡೆರಿಕ್ ಸಿಂಗ್ಟನ್ ಎಂಬ ಅಧಿಕಾರಿ ನೀವೀಗ ಸ್ವತಂತ್ರರು ಎಂದು ಕೂಗಿ ಹೇಳಿದರು. ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕಾಯಿತು: ರೋಗ ಹರಡುತ್ತದೆ, ಯಾರೂ ಹೊರಗೆ ಹೋಗುವಂತಿಲ್ಲ.

ಒಳಗೆ ಸುಮಾರು 60 ಸಾವಿರ ಜನ ಇದ್ದರು. ಅವರ ಮಧ್ಯೆ ಹೂಳದೆ ಬಿಟ್ಟ ಸುಮಾರು 13 ಸಾವಿರ ಹೆಣಗಳು. ಕರೆಂಟ್ ಹೋಗಿ ಪಂಪ್ ನಿಂತಿತ್ತು. ದಿನಗಟ್ಟಲೆ ನೀರಿಲ್ಲ, ಊಟವಿಲ್ಲ. ಆಲೂಗಡ್ಡೆ ರಾಶಿಯತ್ತ ಓಡಿದವರ ಮೇಲೆ ಕಾವಲುಗಾರರು ಒಪ್ಪಂದ ಆದಮೇಲೂ ಗುಂಡು ಹಾರಿಸಿದರು.

ಮೊದಲ ಊಟ

ಸೇನೆಯ ವೈದ್ಯಕೀಯ ಹೊಣೆ ಹೊತ್ತಿದ್ದವರು ಬ್ರಿಗೇಡಿಯರ್ ಗ್ಲಿನ್ ಹ್ಯೂಸ್. ಯುದ್ಧ ಇನ್ನೂ ಮುಗಿದಿರಲಿಲ್ಲ. ಕೈಗೆ ಸಿಕ್ಕಿದ್ದು ಬೆರಳೆಣಿಕೆಯ ಘಟಕಗಳು. ಮೊದಲು ನೀರು ಬಂತು, ಹಿಂದೆಯೇ ಊಟ. ಏನು ಊಟ? ಸೈನಿಕರು ತಿನ್ನುತ್ತಿದ್ದದ್ದೇ: ಡಬ್ಬಿಯ ಮಾಂಸ, ಕೊಬ್ಬು ತೇಲುವ ಸಾರು, ಬೀನ್ಸ್. ಕೆಲವು ಸೈನಿಕರು ನೋಡಲಾರದೆ ತಮ್ಮ ಪಾಲನ್ನೇ ಎತ್ತಿ ಕೊಟ್ಟರು.

ಆ ಊಟ ತಿಂದು ಜನ ಸತ್ತರು.

ಇದು ಹೇಗೆ ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳುಗಟ್ಟಲೆ ಊಟವಿಲ್ಲದ ದೇಹ ತನ್ನದೇ ಕೊಬ್ಬು, ತನ್ನದೇ ಸ್ನಾಯು ತಿಂದು ಬದುಕಿರುತ್ತದೆ. ಕರುಳಿನ ಒಳಪದರ ತೆಳ್ಳಗಾಗಿರುತ್ತದೆ. ದಿಢೀರನೆ ಹೊಟ್ಟೆ ತುಂಬ ಊಟ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಂ ಎಲ್ಲ ಒಮ್ಮೆಲೇ ಜೀವಕೋಶದೊಳಗೆ ಹೋಗಿಬಿಡುತ್ತವೆ. ಹೃದಯ ತಾಳ ತಪ್ಪುತ್ತದೆ. ಇಂದು ಆಸ್ಪತ್ರೆಗಳಲ್ಲಿ ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಅಂದಿನ ವೈದ್ಯರ ಕಣ್ಣಿಗೆ ಬಿದ್ದದ್ದು ನಿಲ್ಲದ ಭೇದಿ ಮತ್ತು ಹೆಚ್ಚುತ್ತಾ ಹೋದ ಹೆಣ. ಆ ಸೈನಿಕರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಹಸಿದವರನ್ನು ಕಂಡು ತಟ್ಟೆಯಲ್ಲಿದ್ದದ್ದನ್ನು ಕೊಟ್ಟರು, ಅಷ್ಟೇ ಅಲ್ವಾ.

ಇನ್ನೊಂದು ತೊಂದರೆ ಯಾವ ವೈದ್ಯ ಪುಸ್ತಕದಲ್ಲೂ ಇರಲಿಲ್ಲ. ಊಟದ ಹಂಡೆಯನ್ನು ಗುಡಿಸಲಿನ ಬಾಗಿಲಲ್ಲಿ ಇಡುತ್ತಿದ್ದರು. ಎದ್ದು ಬರುವ ತ್ರಾಣ ಇದ್ದವರು ಎರಡು ಸಲ ತಿಂದರು. ಒಳಗೆ ನೆಲದ ಮೇಲೆ ಮಲಗಿದ್ದವರಿಗೆ ಏನೂ ಸಿಗಲಿಲ್ಲ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು: ಇಷ್ಟು ಜನ, ಇಷ್ಟು ಲೀಟರ್ ಸಾರು. ತಲುಪಬೇಕಾದವರಿಗೇ ಅದು ತಲುಪುತ್ತಿರಲಿಲ್ಲ.

ಇದನ್ನು ಸರಿ ಮಾಡಿದ್ದು ದೊಡ್ಡ ಅಧಿಕಾರಿಗಳಲ್ಲ, ಹುಡುಗರು. ಲಂಡನ್ನಿನ ಆಸ್ಪತ್ರೆಗಳಿಂದ ಸುಮಾರು 100 ಮಂದಿ ವೈದ್ಯಕೀಯ ವಿದ್ಯಾರ್ಥಿಗಳು ಮೇ ತಿಂಗಳ ಮೊದಲ ದಿನಗಳಲ್ಲಿ ಬಂದರು. ಅವರು ಹೆಸರು ಕೊಟ್ಟಿದ್ದು ನೆದರ್ಲೆಂಡ್ಸಿನಲ್ಲಿ ಹಸಿದಿದ್ದ ಜನರಿಗೆ ನೆರವಾಗಲು. ಕೊನೇ ಗಳಿಗೆಯಲ್ಲಿ ಬೆಲ್ಸನ್ ಕಡೆ ತಿರುಗಿಸಿದರು. ಇನ್ನೂ ಡಿಗ್ರಿ ಮುಗಿಯದ ಹುಡುಗರು! ಒಬ್ಬೊಬ್ಬರ ಪಾಲಿಗೆ ಒಂದೋ ಎರಡೋ ಗುಡಿಸಲು. ಮಲ ಮೆತ್ತಿದ ನೆಲದ ಮೇಲೆ ನಡೆದು, ಸತ್ತವರ ಪಕ್ಕದಲ್ಲಿ ಯಾರು ಉಸಿರಾಡುತ್ತಿದ್ದಾರೆ ಎಂದು ಬಗ್ಗಿ ನೋಡಿ, ಅವರ ಬಾಯಿಗೆ ಊಟ ಹೋಗುತ್ತಿದೆಯಾ ಎಂದು ನಿಂತು ನೋಡಿಕೊಂಡರು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಕೆಲಸ ಇದೇ. ಲೋಟ ಯಾರ ಕೈಗೆ ಹೋಯಿತು ಎಂದು ನೋಡುವುದು.

ಖಾರದ ಪುಡಿ

ವಿದ್ಯಾರ್ಥಿಗಳ ಜೊತೆ ಆರ್ನಲ್ಡ್ ಮೈಕಲ್‌ಜಾನ್ ಎಂಬ ಆಹಾರ ತಜ್ಞರು ಬಂದಿದ್ದರು. ವಿಶ್ವಸಂಸ್ಥೆ ಹುಟ್ಟುವ ಮೊದಲೇ, 1943ರಲ್ಲಿ, ಮಿತ್ರರಾಷ್ಟ್ರಗಳು ಸೇರಿ ಅನ್‌ರಾ ಎಂಬ ಪರಿಹಾರ ಸಂಸ್ಥೆ ಕಟ್ಟಿದ್ದವು. ಇವರು ಅದರವರು. ಸೇನೆಯ ಊಟ ನಿಲ್ಲಿಸಿ ಸುಲಭವಾಗಿ ಅರಗುವುದನ್ನು ಕೊಡಬೇಕು ಎಂದಾಗ ಬಂಗಾಳದ ಗಂಜಿ ಬಂತು. ಲೆಕ್ಕದಲ್ಲಿ ಅದರಲ್ಲಿ ಏನೂ ಕೊರತೆ ಇರಲಿಲ್ಲ. ಆದರೆ ಮಲಗಿದ್ದವರಲ್ಲಿ ತುಂಬಾ ಜನ ಪೋಲೆಂಡ್, ಹಂಗೇರಿ ಕಡೆಯವರು. ಹುಳಿ, ಉಪ್ಪು ತಿಂದು ಬೆಳೆದ ನಾಲಿಗೆ. ಜ್ವರದ ಬಾಯಿಗೆ ಸಿಹಿ ಹಿಟ್ಟಿನ ನೀರು ಹಿಡಿದರೆ ವಾಕರಿಕೆ ಬರದೆ ಇನ್ನೇನು? ಅದಕ್ಕೆ ಪಾಪ್ರಿಕಾ ಬೆರೆಸಿ ನೋಡಿದರು. ಹಂಗೇರಿಯ ಅಡುಗೆಮನೆಯ ಕೆಂಪು ಮೆಣಸಿನ ಪುಡಿ. ಆಗ ಗಂಜಿ ಗಂಟಲಲ್ಲಿ ಇಳಿಯತೊಡಗಿತು.

ಸಾಯುತ್ತಿರುವವನಿಗೆ ರುಚಿ ಯಾಕೆ ಎಂದು ಕೇಳುವವರಿದ್ದಾರೆ. ಬಿಡದೆ ತಿಂಗಳುಗಟ್ಟಲೆ ಹಸಿದವನ ನಾಲಿಗೆಯೂ ಮನೆಯ ಅಡುಗೆಯನ್ನು ಮರೆತಿರುವುದಿಲ್ಲ. ಪಾಪ್ರಿಕಾ ಹಾಕಿದ ಆ ಗಂಜಿಯೇ ಅದಕ್ಕೆ ಸಾಕ್ಷಿ.

ಚುಚ್ಚುಮದ್ದಿನ ಕಥೆ ಇನ್ನೂ ನೋವಿನದು. ಮೊದಲೇ ಜೀರ್ಣಿಸಿ ತಯಾರಿಸಿದ ಪ್ರೋಟೀನ್ ದ್ರವವನ್ನು ರಕ್ತನಾಳಕ್ಕೆ ಕೊಟ್ಟರೆ ಬೇಗ ಚೇತರಿಸಿಕೊಳ್ಳಬಹುದು ಎಂಬ ನಂಬಿಕೆ ಆಗ ಜೋರಾಗಿತ್ತು. ಡಾಕ್ಟರ್ ಜಾನೆಟ್ ವಾನ್ ಅವರ ತಂಡ ಅದನ್ನು ಪರೀಕ್ಷಿಸಲೆಂದೇ ಲಂಡನ್ನಿನಿಂದ ಬಂತು. ಬಾಯಿಗೆ ಹಾಕಿದರೆ ಅದರ ರುಚಿ ಅಸಹ್ಯ, ಉಗುಳುತ್ತಿದ್ದರು. ಸೂಜಿ ಹಿಡಿದು ಹತ್ತಿರ ಹೋದರೆ ರೋಗಿಗಳು ಚೀರಿದರು. ಕ್ರಿಮೆಟೋರಿಯಂ, ಅಂದರೆ ಹೆಣ ಸುಡುವ ಒಲೆ, ಬೇಡ ಎಂದು ಬೇಡಿಕೊಂಡರು. ಅವರು ಬಂದ ಶಿಬಿರಗಳಲ್ಲಿ ಸೂಜಿ ಎಂದರೆ ಸಾವು, ಅದರ ನಂತರ ಒಲೆ. ಎದುರಿಗೆ ನಿಂತಿದ್ದ ಇಂಗ್ಲಿಷ್ ವೈದ್ಯರಿಗೆ ಅವರ ಭಾಷೆ ಬರುತ್ತಿರಲಿಲ್ಲ, ಆ ಹಿನ್ನೆಲೆಯೂ ಗೊತ್ತಿರಲಿಲ್ಲ. ಕೊನೆಗೆ ಹೆಚ್ಚು ಕೆಲಸ ಮಾಡಿದ್ದು ಕೆನೆ ತೆಗೆದ ಹಾಲು. ಸ್ವಲ್ಪಸ್ವಲ್ಪವೇ, ಮತ್ತೆಮತ್ತೆ, ಬಾಯಿಂದಲೇ.

ರೋಗಿಗಳನ್ನು ಶಿಬಿರದಿಂದ ಸುಮಾರು 2 ಕಿಲೋಮೀಟರ್ ದೂರದ ಜರ್ಮನ್ ಟ್ಯಾಂಕ್ ತರಬೇತಿ ಶಾಲೆಗೆ ಸಾಗಿಸಿದರು. ಅಲ್ಲಿನ ಕುದುರೆ ಲಾಯದಲ್ಲಿ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಬಟ್ಟೆ ಬಿಚ್ಚಿ, ಸೋಪು ಹಚ್ಚಿ ತೊಳೆದು, ಕೂದಲು ಕತ್ತರಿಸಿ, ಹೇನು ಸಾಯಲು ಡಿಡಿಟಿ ಪುಡಿ ಊದಿ, ಕಂಬಳಿ ಸುತ್ತಿ ಹಾಸಿಗೆಗೆ ಕಳಿಸುವುದು. ಸೈನಿಕರು ಇದನ್ನು ‘ಮನುಷ್ಯರ ಲಾಂಡ್ರಿ’ ಎಂದು ಕರೆದರು. ಟೈಫಸ್ ನಿಲ್ಲಿಸಲು ಇದು ಬೇಕೇ ಬೇಕಿತ್ತು. ಆದರೆ ತೊಳೆಯುತ್ತಿದ್ದವರು ಜರ್ಮನ್ ನರ್ಸ್‌ಗಳು. ಬಟ್ಟೆ ಬಿಚ್ಚು, ಕೂದಲು ಕೊಡು, ನೀರಿನ ಕೆಳಗೆ ಬಾ. ಇದೇ ಮಾತನ್ನು ಅದೇ ಭಾಷೆಯಲ್ಲಿ ಅವರು ಆಶ್‌ವಿಟ್ಸ್‌ನಲ್ಲೂ ಕೇಳಿದ್ದರು.

ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸಬಲ್ಲವರು ಶಿಬಿರದೊಳಗೇ ಇದ್ದರು. ಅವರಲ್ಲಿ ಹದಾಸಾ ಬಿಮ್ಕೊ ಒಬ್ಬರು. ಪೋಲೆಂಡಿನ ಸೊಸ್ನೋವಿಯೆಟ್ಸ್ ಊರಿನವರು, ಫ್ರಾನ್ಸಿನಲ್ಲಿ ದಂತವೈದ್ಯ ಓದಿದವರು. ಆಶ್‌ವಿಟ್ಸ್‌ನಲ್ಲಿ ಗಂಡ, ಮಗ, ಅಪ್ಪ, ಅಮ್ಮ ಎಲ್ಲರನ್ನೂ ಕಳೆದುಕೊಂಡಿದ್ದರು. 1944ರ ಚಳಿಗಾಲದಿಂದ ಬೆಲ್ಸನ್‌ನಲ್ಲಿ ಅನಾಥ ಮಕ್ಕಳ ಒಂದು ಗುಂಪನ್ನು ಕಾಪಾಡಿಕೊಂಡು ಬಂದಿದ್ದರು. ಗ್ಲಿನ್ ಹ್ಯೂಸ್ ಇವರ ಕೈಗೆ ಕೆಲಸ ಕೊಟ್ಟರು. ಬದುಕಿ ಉಳಿದವರಲ್ಲೇ 28 ವೈದ್ಯರು ಮತ್ತು 600ಕ್ಕೂ ಹೆಚ್ಚು ಸ್ವಯಂಸೇವಕರ ಒಂದು ತಂಡ ಎದ್ದು ನಿಂತಿತು. ನರ್ಸಿಂಗ್ ಕಲಿತವರು ಅದರಲ್ಲಿ ಕೆಲವೇ ಕೆಲವರು. ಆದರೂ ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿದ್ದಿಷ್‌ನಲ್ಲೋ ಪೋಲಿಷ್‌ನಲ್ಲೋ ‘ಹೆದರಬೇಡಮ್ಮ, ಇದು ಬೇರೆ ಸೂಜಿ’ ಎನ್ನುವವರು ಪಕ್ಕದಲ್ಲಿ ನಿಂತಿರುವುದಕ್ಕೆ ಯಾವ ಔಷಧಿ ಸಮ?

ಇದೇ ಹೊತ್ತಿನಲ್ಲಿ ಲಿಪ್‌ಸ್ಟಿಕ್ ಬಂತು. ಹಾಸಿಗೆ ಬೇಕು, ಔಷಧಿ ಬೇಕು, ಇನ್ನೂ ನೂರೆಂಟು ಸಾಮಾನು ಬೇಕು ಎಂದು ಪರದಾಡುತ್ತಿದ್ದಾಗ ಪೆಟ್ಟಿಗೆಗಟ್ಟಲೆ ಲಿಪ್‌ಸ್ಟಿಕ್. ಕೇಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆಂಬುಲೆನ್ಸ್ ಘಟಕದ ಮುಖ್ಯಸ್ಥ ಮರ್ವಿನ್ ಗೋನಿನ್ ತಮ್ಮ ಬರಹದಲ್ಲಿ ಇದನ್ನು ದಾಖಲಿಸಿದ್ದಾರೆ. ಮೈಮೇಲೆ ಸರಿಯಾದ ಬಟ್ಟೆ ಇಲ್ಲದ ಹೆಂಗಸರು ಕಂಬಳಿ ಹೊದ್ದು, ತುಟಿಗೆ ಕೆಂಪು ಹಚ್ಚಿಕೊಂಡು ಓಡಾಡಿದರಂತೆ. ಮರಣೋತ್ತರ ಪರೀಕ್ಷೆಯ ಮೇಜಿನ ಮೇಲಿದ್ದ ಒಬ್ಬಾಕೆಯ ಮುಷ್ಟಿಯಲ್ಲಿ ಲಿಪ್‌ಸ್ಟಿಕ್‌ನ ತುಂಡು ಇತ್ತಂತೆ. ತೋಳಿನ ಮೇಲೆ ಅಚ್ಚು ಹಾಕಿದ ನಂಬರಿನಿಂದ ಅವರು ಮತ್ತೆ ಮನುಷ್ಯರಾದರು ಎಂಬ ಅರ್ಥದ ಮಾತನ್ನು ಗೋನಿನ್ ಬರೆದಿದ್ದಾರೆ.

ಬಿಡುಗಡೆಯ ನಂತರವೂ ಸುಮಾರು 14 ಸಾವಿರ ಜನ ಸತ್ತರು. ಮೇ 21ರಂದು ಹಳೆ ಶಿಬಿರದ ಕೊನೆಯ ಗುಡಿಸಲಿಗೆ ಬೆಂಕಿ ಇಟ್ಟರು.

ನೀನು ಯಾವ ದೇಶದವನು?

ತುರ್ತು ಕೆಲಸ ಅಲ್ಲಿಗೆ ಮುಗಿಯಿತು. ಶಕ್ತಿ ಬಂದವರಲ್ಲಿ ಫ್ರೆಂಚರು ಫ್ರಾನ್ಸಿಗೆ, ಡಚ್ಚರು ನೆದರ್ಲೆಂಡ್ಸಿಗೆ ಹೊರಟರು. ಸಾವಿರಾರು ರೋಗಿಗಳನ್ನು ಸ್ವೀಡನ್ ಕರೆಸಿಕೊಂಡಿತು. ಉಳಿದವರು ಟ್ಯಾಂಕ್ ಶಾಲೆಯ ಕಟ್ಟಡಗಳಲ್ಲೇ ಇದ್ದರು. ಅದು ಡಿಪಿ ಶಿಬಿರವಾಯಿತು, ಅಂದರೆ ಯುದ್ಧದಲ್ಲಿ ನೆಲೆ ತಪ್ಪಿದವರ ಶಿಬಿರ.

ಬ್ರಿಟಿಷರು ಜನರನ್ನು ದೇಶದ ಪ್ರಕಾರ ವಿಂಗಡಿಸುತ್ತಿದ್ದರು. ಪೋಲೆಂಡಿನ ಯಹೂದಿ ಅವರ ಪಟ್ಟಿಯಲ್ಲಿ ಪೋಲೆಂಡಿನವನು, ಅವನು ಹೋಗಬೇಕಾದದ್ದೂ ಅಲ್ಲಿಗೇ. ಧರ್ಮ ನೋಡಿ ಬೇರೆ ಮಾಡಿದರೆ ನಾಜಿಗಳು ಮಾಡಿದ್ದನ್ನೇ ಮಾಡಿದಂತೆ ಆಗುತ್ತದೆ ಎಂಬುದು ಅವರ ವಾದ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಮನೆಯವರೆಲ್ಲ ಬೂದಿಯಾದ, ತನ್ನ ಮನೆಯಲ್ಲಿ ಬೇರೆಯವರು ಕೂತಿರುವ ಊರಿಗೆ ಅವನು ಏನೆಂದು ಹೋಗಬೇಕು? ಪಟ್ಟಿಯ ಹಿಂದೆ ರಾಜಕೀಯವೂ ಇತ್ತು. ಪ್ಯಾಲೆಸ್ಟೈನ್ ಆಗ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿನ ಅರಬ್ಬರು ಯಹೂದಿಗಳ ವಲಸೆಗೆ ವಿರುದ್ಧವಾಗಿದ್ದರು, 1939ರಲ್ಲೇ ಬ್ರಿಟನ್ ಆ ವಲಸೆಗೆ ಮಿತಿ ಹಾಕಿತ್ತು. ಯಹೂದಿಗಳು ಒಂದು ಬೇರೆ ಜನ ಎಂದು ಒಪ್ಪಿದರೆ ಅವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತಿತ್ತು.

1945ರ ಬೇಸಿಗೆಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಕಳಿಸಿದ ಅರ್ಲ್ ಹ್ಯಾರಿಸನ್ ಶಿಬಿರಗಳನ್ನು ಸುತ್ತಿದರು. ಬೆಲ್ಸನ್‌ಗೂ ಬಂದರು. ಅವರ ವರದಿ ತುಂಬಾ ಖಾರವಾಗಿತ್ತು. ಕೊಲ್ಲುವುದೊಂದು ಬಿಟ್ಟರೆ ನಾಜಿಗಳು ನಡೆಸಿಕೊಂಡ ಹಾಗೆಯೇ ನಾವೂ ಯಹೂದಿಗಳನ್ನು ನಡೆಸಿಕೊಳ್ಳುತ್ತಿದ್ದೇವೆ ಎಂಬಷ್ಟು ಖಾರ. ಅಮೆರಿಕದ ಹಿಡಿತದಲ್ಲಿದ್ದ ಜಾಗಗಳಲ್ಲಿ ಯಹೂದಿಗಳಿಗೆ ಬೇರೆ ಶಿಬಿರಗಳಾದವು. ಬ್ರಿಟಿಷರು ಹಟ ಬಿಡಲಿಲ್ಲ. ಬೆಲ್ಸನ್ ಪೂರ್ತಿ ಯಹೂದಿ ಶಿಬಿರವಾದದ್ದು 1946ರ ಬೇಸಿಗೆಯಲ್ಲಿ, ಯಹೂದಿಗಳಲ್ಲದ ಪೋಲಿಷರು ಹೊರಟ ಮೇಲೆ. ಆ ವರ್ಷ ಅಲ್ಲಿ 11 ಸಾವಿರಕ್ಕೂ ಜಾಸ್ತಿ ಜನ ಇದ್ದರು.

ಅಷ್ಟರೊಳಗೆ ಅವರು ತಮ್ಮದೇ ಸಮಿತಿ ಕಟ್ಟಿಕೊಂಡಿದ್ದರು. ಅದರ ಮುಖ್ಯಸ್ಥ ಯೋಸೆಫ್ ರೋಸನ್ಸಾಫ್ಟ್, ಬೆಂಜಿನ್ ಊರಿನವರು. ಆಶ್‌ವಿಟ್ಸ್‌ಗೆ ಹೋಗುತ್ತಿದ್ದ ರೈಲಿನಿಂದ ವಿಸ್ಟುಲಾ ನದಿಗೆ ಹಾರಿ ತಪ್ಪಿಸಿಕೊಂಡು, ಮತ್ತೆ ಸಿಕ್ಕಿಬಿದ್ದವರು. 1946ರಲ್ಲಿ ಅವರೂ ಹದಾಸಾ ಬಿಮ್ಕೊ ಅವರೂ ಮದುವೆಯಾದರು. ಸಮಿತಿಗೆ ಬೆನ್ನಿಗೆ ನಿಂತ ಹೊರಗಿನವರೂ ಇದ್ದರು: ಅಮೆರಿಕದ ಯಹೂದಿಗಳ ‘ಜಾಯಿಂಟ್’ ಸಂಸ್ಥೆ, ಬ್ರಿಟನ್ನಿನ ಯಹೂದಿ ಪರಿಹಾರ ತಂಡ, ಕಸುಬು ಕಲಿಸುವ ಓಆರ್‌ಟಿ.

1945ರ ಜುಲೈನಲ್ಲಿ ‘ಉನ್ಸರ್ ಸ್ಟಿಮೆ’ ಎಂಬ ಯಿದ್ದಿಷ್ ಪತ್ರಿಕೆ ಬಂತು. ‘ನಮ್ಮ ದನಿ’ ಎಂದು ಅರ್ಥ. ಹೀಬ್ರೂ ಅಕ್ಷರದ ಟೈಪ್‌ರೈಟರ್ ಇರಲಿಲ್ಲ, ಮೊದಲ ಸಂಚಿಕೆಯನ್ನು ಕೈಯಲ್ಲೇ ಬರೆದು ಪ್ರತಿ ತೆಗೆದರು. ಸಾಮಿ ಫೆಡರ್ ಒಂದು ನಾಟಕ ತಂಡ ಕಟ್ಟಿದರು. ಶಾಲೆ ಶುರುವಾಯಿತು. ಎಲ್ಲಕ್ಕಿಂತ ಜಾಸ್ತಿ ಓದಿಸಿಕೊಂಡದ್ದು ಹೆಸರುಗಳ ಪಟ್ಟಿ. ಬದುಕಿ ಉಳಿದವರ ಪಟ್ಟಿ ಅಚ್ಚಾಗಿ ಶಿಬಿರದಿಂದ ಶಿಬಿರಕ್ಕೆ ಹೋಗುತ್ತಿತ್ತು. ತಂಗಿಯ ಹೆಸರು ಇದೆಯಾ ಎಂದು ಬೆರಳಿಟ್ಟು ಹುಡುಕುವುದು, ಇಲ್ಲದಿದ್ದರೆ ಮುಂದಿನ ಶಿಬಿರಕ್ಕೆ ನಡೆಯುವುದು.

ಮಕ್ಕಳ ವಿಷಯದಲ್ಲಿ ಜಗಳವಾಯಿತು. ಬದುಕಿ ಉಳಿದ ಯಹೂದಿ ಮಕ್ಕಳಲ್ಲಿ 1,000 ಮಂದಿಯನ್ನು ಕರೆಸಿಕೊಳ್ಳಲು ಬ್ರಿಟನ್ ಒಪ್ಪಿತ್ತು. ಬೆಲ್ಸನ್‌ನ ಅನಾಥ ಮಕ್ಕಳನ್ನೂ ಚಳಿ ಶುರುವಾಗುವ ಮೊದಲು ಕಳಿಸಿ ಎಂದು ಪರಿಹಾರದವರು ಹೇಳಿದರು. ಸಮಿತಿ ಬೇಡ ಎಂದಿತು. ಈ ಮಕ್ಕಳು ನಮ್ಮ ಜೊತೆ ಪ್ಯಾಲೆಸ್ಟೈನಿಗೇ ಹೋಗಲಿ ಎಂದಿತು. ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಬೆಚ್ಚಗಿನ ಮನೆ ಸಿಗುವಾಗ ಮಗುವನ್ನು ಜರ್ಮನಿಯ ಬ್ಯಾರಕ್ಕಿನಲ್ಲಿ ಇನ್ನೊಂದು ಚಳಿಗಾಲ ಇಡುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡವರ ಆಸೆಯ ಭಾರ ಮಕ್ಕಳ ಮೇಲೆ ಬಿತ್ತು ಅನ್ನಿಸುತ್ತದೆ. ಆದರೆ ಆ ಮಕ್ಕಳನ್ನು ಶಿಬಿರದಲ್ಲಿ ಬದುಕಿಸಿಕೊಂಡವರು ಹದಾಸಾ ಮತ್ತು ಅವರ ಜೊತೆಗಿದ್ದ ಹೆಂಗಸರು. ಅವರಿಗೆ ಮಕ್ಕಳನ್ನು ಇನ್ನೊಮ್ಮೆ ಲಾರಿ ಹತ್ತಿಸಿ ಕಳಿಸಿ ಎನ್ನುವುದು ಎಂಥ ಮಾತು ಎಂಬುದನ್ನೂ ನೆನೆಯಬೇಕು. 1946ರ ಏಪ್ರಿಲ್‌ನಲ್ಲಿ ಹದಾಸಾ ಸುಮಾರು 100 ಅನಾಥ ಮಕ್ಕಳನ್ನು ಕರೆದುಕೊಂಡು ಪ್ಯಾಲೆಸ್ಟೈನಿಗೆ ಹೋಗಿ ಬಿಟ್ಟು ಬಂದರು.

ಅದೇ ವರ್ಷದ ಜುಲೈ 4ರಂದು ಪೋಲೆಂಡಿನ ಕೀಲ್ಸೆಯಲ್ಲಿ ಗಲಭೆಯಾಗಿ 42 ಯಹೂದಿಗಳ ಕೊಲೆಯಾಯಿತು. ಯುದ್ಧ ಮುಗಿದು ವರ್ಷ ದಾಟಿದ ಮೇಲೆ. ಊರಿಗೆ ಹೋಗಿ ಎನ್ನುವ ಮಾತು ಅಲ್ಲಿಗೆ ಸತ್ತಿತು. ಪೋಲೆಂಡಿನಿಂದ ಓಡಿ ಬಂದವರಿಗೆ ಬ್ರಿಟಿಷರು ತಮ್ಮ ಶಿಬಿರಗಳಲ್ಲಿ ಪಡಿತರ ನಿಲ್ಲಿಸಿದರು. ಬೆಲ್ಸನ್‌ನವರು ತಮ್ಮ ಪಾಲಿನಲ್ಲೇ ಹಂಚಿ ಅವರಿಗೂ ಜಾಗ ಮಾಡಿದರು.

ಈ ಶಿಬಿರದಲ್ಲಿ ಐದು ವರ್ಷಗಳಲ್ಲಿ 1,000ಕ್ಕೂ ಹೆಚ್ಚು ಮದುವೆಗಳಾದವು, ಸುಮಾರು 2,000 ಮಕ್ಕಳು ಹುಟ್ಟಿದರು. ಹೆರಿಗೆಗಳಾದ ಆಸ್ಪತ್ರೆಗೆ ಗ್ಲಿನ್ ಹ್ಯೂಸ್ ಅವರ ಹೆಸರು. ಮುಂದಿನ ದಾರಿ ತೆರೆದುಕೊಂಡದ್ದು 1948ರಲ್ಲಿ ಇಸ್ರೇಲ್ ಆದಮೇಲೆ, ಅಮೆರಿಕವೂ ವಲಸೆಯ ಕಾನೂನು ಸಡಿಲಿಸಿದ ಮೇಲೆ. 1950ರ ಬೇಸಿಗೆಯಲ್ಲಿ ಶಿಬಿರ ಮುಚ್ಚಿತು.

ಹೆಸರಿನ ವಿಷಯವೊಂದು ಉಳಿಯಿತು. ಡಿಪಿ ಶಿಬಿರಕ್ಕೆ ಬ್ರಿಟಿಷರು ಹೋಹ್ನೆ ಎಂದು ಹೆಸರಿಟ್ಟಿದ್ದರು. ಬೆಲ್ಸನ್ ಹಳೆಯ ಶಿಬಿರ, ಅದು ಸುಟ್ಟುಹೋಯಿತು, ಇದು ಬೇರೆ ಎನ್ನುತ್ತಿದ್ದರು. ಸಮಿತಿ ಒಪ್ಪಲೇ ಇಲ್ಲ. ಬೆಲ್ಸನ್ ಎಂದರೆ ಏನು ಎಂದು ಆಗ ಲೋಕಕ್ಕೆ ಗೊತ್ತಿತ್ತು, ಬಿಬಿಸಿ ರೇಡಿಯೋದಲ್ಲಿ ಕೇಳಿದ್ದರು, ಸಿನಿಮಾ ಮಂದಿರದ ಸುದ್ದಿಚಿತ್ರಗಳಲ್ಲಿ ನೋಡಿದ್ದರು. ಹೋಹ್ನೆಯಲ್ಲಿ ಕೂತವರು ಸುಮ್ನೆ ಒಂದಷ್ಟು ನಿರಾಶ್ರಿತರು. ಬೆಲ್ಸನ್‌ನಲ್ಲಿ ಇನ್ನೂ ಕೂತಿರುವವರು ಯಾರು, ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಅದಕ್ಕೇ ಸಮಿತಿ ಬರೆದ ಪತ್ರಗಳಲ್ಲಿ ಬರ್ಗನ್-ಬೆಲ್ಸನ್ ಎಂದೇ ಇರುತ್ತಿತ್ತು. 1946ರ ಏಪ್ರಿಲ್ 15ರಂದು, ಬಿಡುಗಡೆಯಾಗಿ ಸರಿಯಾಗಿ ವರ್ಷ ತುಂಬಿದ ದಿನ, ಸಾಮೂಹಿಕ ಗೋರಿಗಳ ನಡುವೆ ಅವರೇ ಒಂದು ಕಲ್ಲು ನಿಲ್ಲಿಸಿದರು. ಹೀಬ್ರೂ ಮತ್ತು ಇಂಗ್ಲಿಷಿನಲ್ಲಿ ಕೆತ್ತಿಸಿದರು. ಇಲ್ಲಿ ಚೆಲ್ಲಿದ ರಕ್ತವನ್ನು ಮುಚ್ಚಬೇಡ ಎಂದು ನೆಲವನ್ನೇ ಬೇಡುವ ಸಾಲು ಅದರಲ್ಲಿದೆ. ಅದರ ಮೇಲಿರುವ ಹೆಸರು ಬರ್ಗನ್-ಬೆಲ್ಸನ್. ಬ್ಯಾರಕ್ಕುಗಳು ಮತ್ತೆ ಸೇನೆಯ ಕೈಗೆ ಹೋದವು. ಆ ನೆಲೆಯನ್ನು ಹೋಹ್ನೆ ಎಂದೇ ಕರೆದರು.